ಕೋಡಿ ಹರಿಯಲಿ: ಹದಿಹರೆಯದವರಿಗೆ ಪರದೆಯ ಮೂಲಕ ಗುಂಪು ಮಾರ್ಗದರ್ಶನ



ಸಂಜೆ ಆರೂವರೆಯ ಹೊತ್ತಿಗೆ ವರ್ತೂರು ಕೋಡಿಯಲ್ಲಿ ನಿಂತವರಿಗೆ ಆ ನೋಟ ಚಿರಪರಿಚಿತ. ವೈಟ್‌ಫೀಲ್ಡ್ ಕಡೆಯಿಂದ ಬರುವ ಕಾರುಗಳು, ಕಂಪನಿಯ ಕ್ಯಾಬುಗಳು, ಬಿ.ಎಂ.ಟಿ.ಸಿ. ಬಸ್ಸುಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿರುತ್ತವೆ. ಆ ವಾಹನಗಳಲ್ಲಿ ಎಂಜಿನಿಯರುಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ದಾದಿಯರಿದ್ದಾರೆ, ಉಪನ್ಯಾಸಕರಿದ್ದಾರೆ. ರಸ್ತೆಯ ಬದಿಯಲ್ಲಿ ಶಾಲೆಯ ಚೀಲ ಹೊತ್ತು ದಾಟಲು ಕಾಯುತ್ತಿರುವ ಮಕ್ಕಳೂ ಇದ್ದಾರೆ. ಇಬ್ಬರ ನಡುವಿನ ದೂರ ಹೆಚ್ಚೆಂದರೆ ಹತ್ತು ಅಡಿ. ಆದರೂ ಈ ಹತ್ತು ಅಡಿಯನ್ನು ದಾಟಿ ಒಬ್ಬರು ಮತ್ತೊಬ್ಬರ ಹತ್ತಿರ ಬರುವುದಿಲ್ಲ.

ಹೀಗೊಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಒಂಬತ್ತನೇ ತರಗತಿ. ತಂದೆ ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆಂದು ಬಂದವರು, ತಾಯಿ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುತ್ತಾರೆ. ಹುಡುಗನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಎಸ್.ಎಸ್.ಎಲ್.ಸಿ. ಆದ ಮೇಲೆ ಪಿ.ಯು.ಸಿ. ಸೇರಬೇಕೋ, ಡಿಪ್ಲೊಮಾ ಮಾಡಬೇಕೋ, ಐ.ಟಿ.ಐ. ಹಿಡಿಯಬೇಕೋ ಎಂಬ ಪ್ರಶ್ನೆ ಅವನ ಮುಂದಿದೆ. ಕೇಳೋಣವೆಂದರೆ ಮನೆಯಲ್ಲಿ ಕಾಲೇಜು ಕಂಡವರಿಲ್ಲ. ಶಾಲೆಯ ಮೇಷ್ಟ್ರಿಗೆ ಒಂದು ತರಗತಿಯಲ್ಲಿ ಐವತ್ತು ಮಕ್ಕಳು. ಅವನ ತಾಯಿ ಕಸ ಗುಡಿಸುವ ಎಂಟನೇ ಮಹಡಿಯ ಮನೆಯ ಯಜಮಾನರು ಇದೇ ಡಿಪ್ಲೊಮಾ ಓದಿ, ಅಲ್ಲಿಂದ ಎಂಜಿನಿಯರಿಂಗ್ ಸೇರಿ ಮೇಲೆ ಬಂದವರಿರಬಹುದು. ಆದರೆ ಆ ಸಂಗತಿ ಇವನಿಗೆ ಗೊತ್ತಾಗುವುದು ಹೇಗೆ?

ಅದೇ ಎಂಟನೇ ಮಹಡಿಯ ಮನೆಯಲ್ಲಿ ಇವನ ವಯಸ್ಸಿನ ಒಬ್ಬಳು ಹುಡುಗಿಯೂ ಇರಬಹುದು. ಅವಳಿಗೆ ಸ್ವಂತ ಕೋಣೆಯಿದೆ, ಟ್ಯೂಷನ್ ಇದೆ, ಕೈಯಲ್ಲಿ ದುಬಾರಿ ಫೋನೂ ಇದೆ. ಆದರೆ ಅಪ್ಪ ಅಮ್ಮ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಮನಸ್ಸಿನ ಮಾತನ್ನು ಹೇಳಿಕೊಳ್ಳಲು ಅವಳಿಗೂ ಯಾರಿಲ್ಲ. ಹುಡುಗನದು ತಿಳಿವಳಿಕೆಯ ಬಡತನ, ಹುಡುಗಿಯದು ಒಡನಾಟದ ಬಡತನ. ಇಬ್ಬರಿಗೂ ಬೇಕಾಗಿರುವುದು ಒಂದೇ: ತಮಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ, ತಮ್ಮ ಮಾತಿಗೆ ಕಿವಿಗೊಡುವ ಒಬ್ಬ ಅಣ್ಣ, ಒಬ್ಬ ಅಕ್ಕ.

ಮಾರ್ಗದರ್ಶಿ ಎಂದರೆ ಯಾರು?

ಇಂಗ್ಲಿಷಿನಲ್ಲಿ ಇಂಥವರನ್ನು ‘ಮೆಂಟರ್’ ಎನ್ನುತ್ತಾರೆ. ಈ ಪದ ಹುಟ್ಟಿದ್ದು ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಮಹಾಕಾವ್ಯದಿಂದ. ಯುದ್ಧಕ್ಕೆ ಹೊರಟ ಒಡಿಸ್ಯೂಸನು ತನ್ನ ಮನೆಯ ಹೊಣೆಯನ್ನು ಒಪ್ಪಿಸಿದ್ದು ಮೆಂಟರ್ ಎಂಬ ಹಿರಿಯ ಸ್ನೇಹಿತನಿಗೆ. ತಂದೆಯಿಲ್ಲದ ಮನೆಯಲ್ಲಿ ಬೆಳೆದ ಮಗ ಟೆಲಿಮಾಕಸನಿಗೆ ಧೈರ್ಯ ಹೇಳಿ ದಾರಿ ತೋರಿಸುವ ದನಿ ಆ ಹೆಸರಿನಲ್ಲಿಯೇ ಬರುತ್ತದೆ. ನಮ್ಮಲ್ಲಿ ಈ ಕೆಲಸವನ್ನು ಸೋದರಮಾವನೋ, ದೊಡ್ಡಪ್ಪನೋ, ಊರಿನ ಅರಳಿಕಟ್ಟೆಯ ಮೇಲೆ ಕೂರುತ್ತಿದ್ದ ಹಿರಿಯರೋ ಮಾಡುತ್ತಿದ್ದರು. ಊರು ಬಿಟ್ಟು ಬಂದ ಕುಟುಂಬಕ್ಕೆ ಸೋದರಮಾವ ದೂರವಾದ, ಅರಳಿಕಟ್ಟೆಯಂತೂ ಹಿಂದೆಯೇ ಉಳಿಯಿತು.

ಇದನ್ನು ಒಂದು ವ್ಯವಸ್ಥೆಯಾಗಿ ರೂಪಿಸಿದವರಲ್ಲಿ ಅಮೆರಿಕದ ಅರ್ನೆಸ್ಟ್ ಕೋಲ್ಟರ್ ಒಬ್ಬರು. ಅವರು ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದರು. ದಿನವೂ ಕಟಕಟೆಗೆ ಬರುತ್ತಿದ್ದ ಹುಡುಗರನ್ನು ನೋಡಿ ನೋಡಿ, ಇವರಿಗೆ ಬೇಕಾದುದು ದಂಡನೆಯಲ್ಲ, ಕಾಳಜಿಯುಳ್ಳ ಒಬ್ಬ ಹಿರಿಯನ ಸ್ನೇಹ ಎಂದು ಅವರಿಗೆ ಅನ್ನಿಸಿತು. 1904ರಲ್ಲಿ ಅವರು ಆರಂಭಿಸಿದ ಕೆಲಸವೇ ಮುಂದೆ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ನಮ್ಮ ಬೆಂಗಳೂರಿನಲ್ಲಿಯೇ 2009ರಲ್ಲಿ ಅರುಂಧುತಿ ಗುಪ್ತಾ ಅವರು ‘ಮೆಂಟರ್ ಟುಗೆದರ್’ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲು ಮುಖಾಮುಖಿಯಾಗಿ ನಡೆಯುತ್ತಿದ್ದ ಅದರ ಕೆಲಸ ನಂತರ ಫೋನಿನ ಆ್ಯಪ್ ಮೂಲಕವೂ ಯುವಜನರನ್ನು ತಲುಪಿತು. 2011ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ‘ಇವಿದ್ಯಾಲೋಕ’ ಸಂಸ್ಥೆಯ ಸ್ವಯಂಸೇವಕರು ತಮ್ಮ ಮನೆಯಲ್ಲಿ ಕುಳಿತು, ಹಳ್ಳಿಗಳ ಸರ್ಕಾರಿ ಶಾಲೆಯ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಅಂತರ್ಜಾಲದ ಮೂಲಕ ಪಾಠ ಹೇಳುತ್ತಾರೆ. ಅಲ್ಲಿ ಒಂದು ಅಂಶ ಗಮನಾರ್ಹ. ಪರದೆಯ ಆಚೆ ಸ್ವಯಂಸೇವಕರಿದ್ದರೆ, ಈಚೆ ಮಕ್ಕಳ ಜೊತೆಗೆ ಸ್ಥಳೀಯ ಸಹಾಯಕರೊಬ್ಬರು ಇದ್ದೇ ಇರುತ್ತಾರೆ.

ಇನ್ನು ‘ಪರದೆಯ ಮೂಲಕ ಗುಂಪು ಮಾರ್ಗದರ್ಶನ’ ಎಂದರೆ ಇಷ್ಟೆ. ಒಬ್ಬರೋ ಇಬ್ಬರೋ ಹಿರಿಯರು. ಐದರಿಂದ ಎಂಟು ಮಂದಿ ಹದಿಹರೆಯದವರು. ವಾರಕ್ಕೊಮ್ಮೆ ನಿಗದಿಯಾದ ದಿನ, ನಿಗದಿಯಾದ ಗಂಟೆ. ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ವಿಡಿಯೋ ಕರೆಯ ಮೂಲಕ ಭೇಟಿ. ಇದು ಟ್ಯೂಷನ್ ಅಲ್ಲ, ಉಪನ್ಯಾಸವೂ ಅಲ್ಲ. ಜಗಲಿಯ ಮಾತುಕತೆಯನ್ನು ಪರದೆಗೆ ತಂದಂತೆ.

ನಮ್ಮ ನಾಡಿನ ಅನುಭವ

ಇದು ಪರದೇಶದ ವಿಷಯ ಎಂದುಕೊಳ್ಳುವುದು ಬೇಡ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳ ಬಾಗಿಲು ಮುಚ್ಚಿದಾಗ, ಕರ್ನಾಟಕದ ಶಿಕ್ಷಣ ಇಲಾಖೆ ಆ ವರ್ಷದ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಒಂದೊಂದು ಪ್ರದೇಶದ ಮಕ್ಕಳ ಚಿಕ್ಕ ಗುಂಪನ್ನು ಒಬ್ಬ ಮಾರ್ಗದರ್ಶಿ ಶಿಕ್ಷಕರಿಗೆ ಒಪ್ಪಿಸಲಾಯಿತು. ಮಕ್ಕಳನ್ನು ಮೂರು ಬಗೆಯಾಗಿ ವಿಂಗಡಿಸಲಾಯಿತು: ಮನೆಯಲ್ಲಿ ಯಾವ ಫೋನೂ ಇಲ್ಲದವರು, ಅಂತರ್ಜಾಲವಿಲ್ಲದ ಸಾಮಾನ್ಯ ಫೋನ್ ಇರುವವರು, ಅಂತರ್ಜಾಲ ಸಹಿತ ಸ್ಮಾರ್ಟ್‌ಫೋನೋ ಕಂಪ್ಯೂಟರೋ ಇರುವವರು. ಫೋನ್ ಇಲ್ಲದವರ ಬಳಿಗೆ ಶಿಕ್ಷಕರೇ ನಡೆದುಹೋದರು. ಮರದ ನೆರಳಿನಲ್ಲಿ, ದೇವಸ್ಥಾನದ ಅಂಗಳದಲ್ಲಿ, ಸಮುದಾಯ ಭವನದಲ್ಲಿ ಪಾಠಗಳು ನಡೆದವು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿ 1ರಂದು ಶಾಲಾ ಆವರಣಗಳಲ್ಲಿ ಅದು ಮತ್ತೆ ಆರಂಭವಾಯಿತು.

ವಿದ್ಯಾಗಮ ನಮಗೆ ಕಲಿಸಿದ ಪಾಠಗಳು ಎರಡು. ಒಂದು, ಐವತ್ತು ಮಕ್ಕಳ ತರಗತಿಯಲ್ಲಿ ಕಳೆದುಹೋಗುವ ಮಗುವಿನ ಹೆಸರು ಚಿಕ್ಕ ಗುಂಪಿನಲ್ಲಿ ಹಿರಿಯರ ನೆನಪಿನಲ್ಲಿ ಉಳಿಯುತ್ತದೆ. ಎರಡು, ಯಂತ್ರವನ್ನು ನೆಚ್ಚಿ ಹೊರಡುವ ಮುನ್ನ ಆ ಯಂತ್ರ ಯಾರ ಕೈಯಲ್ಲಿದೆ, ಯಾರ ಕೈಯಲ್ಲಿಲ್ಲ ಎಂದು ಎಣಿಸಬೇಕು.

ಇದರ ಪ್ರಯೋಜನಗಳೇನು?

ಮೊದಲನೆಯದು, ದೂರ ಅಳಿಯುತ್ತದೆ. ವೈಟ್‌ಫೀಲ್ಡಿನಿಂದ ವರ್ತೂರಿಗೆ ಕೆಲವೇ ಕಿಲೋಮೀಟರ್. ಆದರೆ ಸಂಜೆಯ ದಟ್ಟಣೆಯಲ್ಲಿ ಆ ಕೆಲವು ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಒಳ್ಳೆಯ ಮನಸ್ಸಿರುವ ಎಷ್ಟೋ ಉದ್ಯೋಗಸ್ಥರು ಸೇವೆಗೆ ಬಾರದಿರುವುದು ಮನಸ್ಸಿಲ್ಲದೆ ಅಲ್ಲ, ಹೊತ್ತಿಲ್ಲದೆ. ಮನೆಯಿಂದಲೇ ಒಂದು ಗಂಟೆ ಕೊಡಬಹುದಾದರೆ ಅಂಥವರೂ ಮುಂದೆ ಬಂದಾರು. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸಲು ಅಂಜುವ ತಂದೆತಾಯಂದಿರಿಗೂ, ಮಗಳು ಮನೆಯಲ್ಲೇ ತಮ್ಮ ಕಣ್ಣೆದುರೇ ಇದ್ದು ಮಾತನಾಡುವುದು ಸಮಾಧಾನ ತರುತ್ತದೆ.

ಎರಡನೆಯದು, ‘ನಾನೊಬ್ಬನೇ ಅಲ್ಲ’ ಎಂಬ ಅರಿವು. ಹದಿಹರೆಯದ ಅತಿ ದೊಡ್ಡ ನೋವು, ಈ ಕಷ್ಟ ಲೋಕದಲ್ಲಿ ತನಗೆ ಮಾತ್ರ ಬಂದಿದೆ ಎಂಬ ಭಾವನೆ. ಇಂಗ್ಲಿಷ್ ಮಾತನಾಡಲು ನಾಚಿಕೆ, ಮುಖದ ಮೇಲಿನ ಮೊಡವೆ, ಮನೆಯಲ್ಲಿ ತಂದೆಯ ಕುಡಿತ, ಪರೀಕ್ಷೆಯ ಭಯ, ಇವುಗಳಲ್ಲಿ ಯಾವುದನ್ನೂ ಮಗು ತಾನಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಗುಂಪಿನಲ್ಲಿ ಒಬ್ಬನು “ನನಗೂ ಹಾಗೇ ಆಗುತ್ತೆ” ಎಂದಾಗ ಉಳಿದ ಆರು ಮಂದಿಯ ಎದೆಯ ಭಾರ ಇಳಿಯುತ್ತದೆ. ಒಬ್ಬ ಹಿರಿಯ ಒಬ್ಬ ಕಿರಿಯನೊಂದಿಗೆ ಮಾತನಾಡುವಾಗ ಈ ಲಾಭ ಸಿಗುವುದಿಲ್ಲ. ಇದು ಗುಂಪಿನ ವರ. ಜಗತ್ತಿನಲ್ಲಿ 10ರಿಂದ 19 ವರ್ಷದ ಪ್ರತಿ ಏಳು ಮಂದಿಯಲ್ಲಿ ಒಬ್ಬರು ಒಂದಿಲ್ಲೊಂದು ಮಾನಸಿಕ ತೊಂದರೆಯಿಂದ ಬಳಲುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ನೆನೆದರೆ ಈ ವರದ ಬೆಲೆ ತಿಳಿಯುತ್ತದೆ.

ಮೂರನೆಯದು, ಮಕ್ಕಳು ಮಕ್ಕಳಿಂದಲೇ ಕಲಿಯುತ್ತಾರೆ. 2005ರಲ್ಲಿ ಜರ್ಮನಿಯಲ್ಲಿ ‘ಸೈಬರ್‌ಮೆಂಟರ್’ ಎಂಬ ಕಾರ್ಯಕ್ರಮ ಆರಂಭವಾಯಿತು. ವಿಜ್ಞಾನ, ತಂತ್ರಜ್ಞಾನ, ಗಣಿತಗಳಲ್ಲಿ ಆಸಕ್ತಿಯಿರುವ ಶಾಲಾ ಹುಡುಗಿಯರಿಗೆ ಆ ಕ್ಷೇತ್ರಗಳಲ್ಲಿ ದುಡಿಯುವ ಮಹಿಳೆಯರು ಅಂತರ್ಜಾಲದ ಮೂಲಕ ದಾರಿ ತೋರಿಸುವ ಕಾರ್ಯಕ್ರಮವಿದು. ಒಬ್ಬರಿಗೊಬ್ಬರು ಎಂಬ ಕ್ರಮವನ್ನೂ ಗುಂಪಿನ ಕ್ರಮವನ್ನೂ ಸಂಶೋಧಕರು ಹೋಲಿಸಿ ನೋಡಿದರು. ಗುಂಪಿನಲ್ಲಿದ್ದ ಹುಡುಗಿಯರ ಮಾತುಕತೆಯಲ್ಲಿ ವಿಜ್ಞಾನದ ವಿಷಯಗಳು ಹೆಚ್ಚಾಗಿ ಬಂದವು. ಆ ವಿಷಯಗಳನ್ನು ಮುಂದೆ ಆರಿಸಿಕೊಳ್ಳುವ ಒಲವೂ ಹೆಚ್ಚಿತು. ಇದರಲ್ಲಿ ಅಚ್ಚರಿಯೇನಿಲ್ಲ. ಹಿರಿಯರ ಹತ್ತು ಮಾತಿಗೆ ಬಗ್ಗದ ಮನಸ್ಸು ಓರಗೆಯವರ ಒಂದು ಮಾತಿಗೆ ಬಗ್ಗುತ್ತದೆ.

ನಾಲ್ಕನೆಯದು, ಬದುಕಿನ ಕವಲುದಾರಿಯಲ್ಲಿ ಸರಿಯಾದ ಸುದ್ದಿ. ಕಡ್ಡಾಯ ಮತ್ತು ಉಚಿತ ಶಿಕ್ಷಣದ 2009ರ ಕಾಯ್ದೆ ಮಗುವಿನ ಕೈ ಹಿಡಿಯುವುದು 14 ವರ್ಷದವರೆಗೆ ಮಾತ್ರ. ನಿಜವಾದ ಕವಲುಗಳು ಎದುರಾಗುವುದು ಅದರ ನಂತರ. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು ಎಂಬುದು ಎಷ್ಟು ಮನೆಗಳಿಗೆ ಗೊತ್ತು? 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ವ್ಯವಸ್ಥೆ ಬಂತು. ಮೊದಲ ಪರೀಕ್ಷೆಯಲ್ಲಿ ಎಡವಿದವರು ಆ ವರ್ಷವೇ ಮತ್ತೆ ಬರೆಯಬಹುದು. ಈ ಒಂದು ಮಾತು ಸರಿಯಾದ ಹೊತ್ತಿಗೆ ಕಿವಿಗೆ ಬಿದ್ದಿದ್ದರೆ ಒಬ್ಬ ಹುಡುಗ ಕೆಲಸಕ್ಕೆ ಸೇರದೆ ಓದು ಮುಂದುವರಿಸುತ್ತಿದ್ದ, ಒಬ್ಬ ಹುಡುಗಿಯ ಮದುವೆಯ ಮಾತು ಮುಂದಕ್ಕೆ ಹೋಗುತ್ತಿತ್ತು. ಒಂದು ಸುದ್ದಿಗೆ ಒಂದು ಜೀವನದ ದಿಕ್ಕನ್ನು ಬದಲಿಸುವ ಶಕ್ತಿಯಿದೆ.

ಐದನೆಯದು, ಮಾರ್ಗದರ್ಶಿಯೂ ಬೆಳೆಯುತ್ತಾನೆ. ಎತ್ತರದ ಕಟ್ಟಡದಲ್ಲಿ ವಾಸಿಸುವವನಿಗೆ ತಾನಿರುವ ಊರು ಕಿಟಕಿಯಿಂದ ಮಾತ್ರ ಪರಿಚಯ. ವಾರಕ್ಕೊಮ್ಮೆ ಆರು ಮಕ್ಕಳ ಮಾತು ಕೇಳಿದಾಗ ಅದೇ ಊರು ಮನುಷ್ಯರ ಊರಾಗಿ ಕಾಣತೊಡಗುತ್ತದೆ.

ಎಚ್ಚರಿಕೆಯ ಮಾತುಗಳು

ವರ್ತೂರು ಕೆರೆಯ ಕಥೆ ನಮಗೆಲ್ಲ ಗೊತ್ತು. ಬೆಳ್ಳಂದೂರು ಕೆರೆಯ ನೀರು ವರ್ತೂರಿಗೆ, ವರ್ತೂರಿನ ಕೋಡಿಯಿಂದ ಮುಂದೆ ದಕ್ಷಿಣ ಪಿನಾಕಿನಿಗೆ. ಮೇಲಿನವರಲ್ಲಿ ಹೆಚ್ಚಾದದ್ದು ಕೆಳಗಿನವರಿಗೆ ಹರಿಯಲಿ ಎಂದೇ ಹಿರಿಯರು ಕೋಡಿ ಕಟ್ಟಿದರು. ಆದರೆ 2015ರಲ್ಲಿ ಅದೇ ಕೋಡಿಯಿಂದ ನೊರೆ ಎದ್ದು ರಸ್ತೆಯ ಮೇಲೆ ಹಾರಾಡಿದ್ದನ್ನೂ ನಾವು ಕಂಡೆವು. ಮೇಲಿನ ನೀರು ಶುದ್ಧವಿಲ್ಲದಿದ್ದರೆ ಕೋಡಿ ಹರಿದೂ ಕೇಡೇ. ಮಾರ್ಗದರ್ಶನಕ್ಕೂ ಈ ಮಾತು ಸಲ್ಲುತ್ತದೆ.

ನಡುವೆ ಕೈಬಿಡಬಾರದು. 2002ರಲ್ಲಿ ಗ್ರಾಸ್‌ಮನ್ ಮತ್ತು ರೋಡ್ಸ್ ಎಂಬ ಸಂಶೋಧಕರು ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ವರ್ಷಕ್ಕೂ ಮೀರಿ ನಡೆದ ಮಾರ್ಗದರ್ಶನದಿಂದ ಮಕ್ಕಳಿಗೆ ಹೆಚ್ಚಿನ ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಸಂಬಂಧಗಳಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತ ಕುಗ್ಗಿತ್ತು. ಅಂದರೆ, ಬಂದು ಬಿಟ್ಟುಹೋಗುವವರಿಗಿಂತ ಬಾರದಿರುವವರೇ ಮೇಲು. ಕಂಪನಿಯ ಪ್ರಮಾಣಪತ್ರಕ್ಕೆಂದು ನಾಲ್ಕು ವಾರ ಬಂದು ಮಾಯವಾಗುವವರು ಈ ಕೆಲಸಕ್ಕೆ ಕೈಹಾಕದಿರಲಿ. ಈಗಾಗಲೇ ಊರು, ಶಾಲೆ, ಗೆಳೆಯರನ್ನು ಕಳೆದುಕೊಂಡು ಬಂದ ಮಗುವಿಗೆ ಮತ್ತೊಂದು ಅಗಲಿಕೆಯನ್ನು ನಾವು ಕೊಡಬಾರದು.

ಮಕ್ಕಳ ಸುರಕ್ಷತೆಯನ್ನು ಮರೆಯಬಾರದು. ಯಾವ ಹಿರಿಯರೂ ಯಾವ ಮಗುವಿನೊಡನೆಯೂ ಗುಂಪಿನ ಹೊರಗೆ ಖಾಸಗಿಯಾಗಿ ಸಂದೇಶ ಕಳಿಸಬಾರದು, ಕರೆ ಮಾಡಬಾರದು. ಪ್ರತಿ ಭೇಟಿಯಲ್ಲೂ ಇಬ್ಬರು ಹಿರಿಯರಿರುವುದು ಒಳ್ಳೆಯದು. ತಂದೆತಾಯಿಗೆ ವಿಷಯ ತಿಳಿದಿರಬೇಕು, ಅವರ ಒಪ್ಪಿಗೆ ಬರವಣಿಗೆಯಲ್ಲಿರಬೇಕು. ದತ್ತಾಂಶ ರಕ್ಷಣೆಯ 2023ರ ಕಾನೂನು ಕೂಡ 18 ವರ್ಷದೊಳಗಿನವರ ಮಾಹಿತಿಯನ್ನು ಬಳಸುವ ಸಂಸ್ಥೆಗಳು ಪೋಷಕರ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಮಕ್ಕಳ ಮುಖದ ಚಿತ್ರ ತೆಗೆದು ಹಂಚುವುದು ಬೇಡ. “ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ” ಎಂದು ಭಾಷೆ ಕೊಡುವುದೂ ಬೇಡ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ತನ್ನ ಮಿತಿಯನ್ನು ಅರಿಯಬೇಕು. ಮಾರ್ಗದರ್ಶಿ ವೈದ್ಯನಲ್ಲ. ಮಗು ಊಟ ನಿದ್ರೆ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತಾಡಿದರೆ, ಉಪದೇಶ ಮಾಡುತ್ತ ಕೂರಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲಿಯೂ ಉಚಿತವಾಗಿ ಮಾತನಾಡಬಹುದು. ಅಪಾಯದಲ್ಲಿರುವ ಮಕ್ಕಳಿಗಾಗಿ 1098 ಇದೆ. ಈ ಎರಡು ಸಂಖ್ಯೆಗಳು ಪ್ರತಿ ಮಾರ್ಗದರ್ಶಿಗೂ ಬಾಯಿಪಾಠವಾಗಿರಲಿ.

ಆರಂಭಿಸುವುದು ಹೇಗೆ?

ದೊಡ್ಡ ಯೋಜನೆ, ದೊಡ್ಡ ಹಣ ಬೇಕಿಲ್ಲ. ವರ್ತೂರು, ಗುಂಜೂರು, ಸಿದ್ದಾಪುರ, ರಾಮಗೊಂಡನಹಳ್ಳಿ, ಎಲ್ಲಿಯೇ ಆಗಲಿ, ಒಂದು ಶಾಲೆ, ಆರು ಮಕ್ಕಳು, ಇಬ್ಬರು ಹಿರಿಯರು ಸಾಕು. ಮಕ್ಕಳನ್ನು ಆರಿಸುವಾಗ ಶಾಲೆಯ ಶಿಕ್ಷಕರ ಮಾತನ್ನು ಕೇಳಿ. ಮೊದಲ ಭೇಟಿ ಪರದೆಯ ಮೇಲಲ್ಲ, ಶಾಲೆಯ ಅಂಗಳದಲ್ಲಿ ಪೋಷಕರ ಎದುರಿಗೇ ನಡೆಯಲಿ. ಒಮ್ಮೆ ಕಂಡ ಮುಖವನ್ನು ಪರದೆಯ ಮೇಲೂ ನಂಬುವುದು ಸುಲಭ. ಅನಂತರ ಫೋನುಗಳ ಎಣಿಕೆ. ಹಲವು ಮನೆಗಳಲ್ಲಿ ಇರುವುದು ಒಂದೇ ಫೋನ್, ಅದು ತಂದೆಯ ಜೇಬಿನಲ್ಲಿ. ಅಣ್ಣನಿಗೆ ಸಿಗುವ ಫೋನು ತಂಗಿಗೆ ಸಿಗದಿರುವುದೂ ಉಂಟು. ಆದ್ದರಿಂದ ತಂದೆ ಮನೆಯಲ್ಲಿರುವ ಭಾನುವಾರದ ಸಂಜೆಯನ್ನು ಆರಿಸಿಕೊಳ್ಳಬಹುದು. ಇಲ್ಲವೇ ಮೂವರು ಮಕ್ಕಳು ಒಂದು ಮನೆಯಲ್ಲಿ, ಹಿರಿಯರೊಬ್ಬರ ಕಣ್ಣಳತೆಯಲ್ಲಿ, ಒಂದೇ ಫೋನಿನ ಮುಂದೆ ಕೂರಬಹುದು.

ಒಂದು ಗಂಟೆಯನ್ನು ಹೀಗೆ ಕಳೆಯಬಹುದು. ಮೊದಲ ಹದಿನೈದು ನಿಮಿಷ, ಆ ವಾರದ ಒಂದು ಸಂತೋಷ, ಒಂದು ಬೇಸರವನ್ನು ಪ್ರತಿಯೊಬ್ಬರೂ ಹೇಳಲಿ. ಮುಂದಿನ ಇಪ್ಪತ್ತೈದು ನಿಮಿಷ, ಮಕ್ಕಳೇ ಆರಿಸಿದ ಒಂದು ವಿಷಯ: ಪರೀಕ್ಷೆಗೆ ಓದುವ ಬಗೆ, ಸಿಟ್ಟನ್ನು ತಡೆಯುವ ಬಗೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಬಗೆ, ಫೋನಿನ ಗೀಳು. ಆಮೇಲೆ ಹದಿನೈದು ನಿಮಿಷ ಪ್ರಶ್ನೆಗಳು. ಕೊನೆಯ ಐದು ನಿಮಿಷ, ಮುಂದಿನ ವಾರದೊಳಗೆ ತಾನು ಮಾಡುವ ಒಂದು ಚಿಕ್ಕ ಕೆಲಸವನ್ನು ಪ್ರತಿಯೊಬ್ಬರೂ ಹೇಳಲಿ. ಹಿರಿಯರೂ ಹೇಳಲಿ. ಮನೆ ತೋರಿಸಲು ನಾಚುವ ಮಗು ಕ್ಯಾಮೆರಾ ಮುಚ್ಚಿ ಕೂತರೆ ಬಲವಂತ ಬೇಡ. ತಗಡಿನ ಗೋಡೆಯನ್ನು ಮರೆಮಾಚುವ ಹಕ್ಕು ಆ ಮಗುವಿಗಿದೆ. ನಂಬಿಕೆ ಹುಟ್ಟಿದ ದಿನ ಕ್ಯಾಮೆರಾ ತಾನಾಗಿ ತೆರೆಯುತ್ತದೆ.

ಮಾರ್ಗದರ್ಶಿಗೆ ಬೇಕಾದ ಮುಖ್ಯ ಗುಣ ಜಾಣತನವಲ್ಲ, ತಾಳ್ಮೆ. ಆಡುವ ಮಾತು ಕಡಿಮೆ, ಕೇಳುವ ಕಿವಿ ಹೆಚ್ಚು. ತಾನು ಗೆದ್ದ ಕಥೆಗಿಂತ ತಾನು ಸೋತ ಕಥೆಯನ್ನು ಹೇಳಬಲ್ಲವರು ಮಕ್ಕಳಿಗೆ ಬೇಗ ಹತ್ತಿರವಾಗುತ್ತಾರೆ. ಗಣಿತದಲ್ಲಿ ಒಮ್ಮೆ ಫೇಲಾದ ಎಂಜಿನಿಯರಿಗಿಂತ ಒಳ್ಳೆಯ ಮಾರ್ಗದರ್ಶಿ ಬೇರೆಲ್ಲಿ ಸಿಕ್ಕಾರು?

ಪ್ರಿಯರೇ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಕೇಳಿದರು. ಆ ಗಾದೆಯನ್ನು ನಾವು ಬಹುಕಾಲ ಮಕ್ಕಳನ್ನು ಬಗ್ಗಿಸಲೆಂದೇ ಬಳಸಿದ್ದೇವೆ. ಗಿಡಕ್ಕೆ ಊರುಗೋಲು ಕೊಡುವ ಕಾಲವೂ ಅದೇ ಎಂಬುದನ್ನು ಮರೆತಿದ್ದೇವೆ. ನಮ್ಮ ಹುಡುಗ ಇನ್ನೂ ವರ್ತೂರು ಕೋಡಿಯಲ್ಲಿ ರಸ್ತೆ ದಾಟಲು ನಿಂತಿದ್ದಾನೆ. ನಿಂತ ಕಾರಿನೊಳಗೆ ಅವನ ಪ್ರಶ್ನೆಗೆ ಉತ್ತರ ಬಲ್ಲವರು ಕುಳಿತಿದ್ದಾರೆ. ಇಬ್ಬರ ಕೈಯಲ್ಲೂ ಫೋನಿದೆ. ವಾರಕ್ಕೆ ಒಂದು ಗಂಟೆ, ವರ್ಷಕ್ಕೆ ಐವತ್ತೆರಡು ಗಂಟೆ. ನಾವು ಒಂದು ವರ್ಷದಲ್ಲಿ ಇದೇ ರಸ್ತೆಯ ದಟ್ಟಣೆಯಲ್ಲಿ ಕಳೆಯುವ ಹೊತ್ತಿಗಿಂತ ಅದೇನೂ ಹೆಚ್ಚಲ್ಲ. ನಮ್ಮಲ್ಲಿ ತುಂಬಿ ನಿಂತಿರುವುದಕ್ಕೆ ಒಂದು ಕೋಡಿ ತೆರೆಯೋಣ. ಕೆಳಗಿನ ಹೊಲಗಳು ಕಾಯುತ್ತಿವೆ.